ರೋಮನ್ ನಾಣ್ಯ ಕಣ್ಣಿಗೆ ಬಿದ್ರೆ ಅದನ್ನ ಓದೋದು ಹೇಗೆ

ಮ್ಯೂಸಿಯಂನಲ್ಲೋ ಒಳ್ಳೆ ಫೋಟೋದಲ್ಲೋ ರೋಮನ್ ನಾಣ್ಯ ಕಂಡಾಗ ಎಲ್ರೂ ರಾಜನ ಮುಖ ನೋಡಿ ಮುಂದೆ ಹೋಗ್ಬಿಡ್ತಾರೆ. ಹಾಗೆ ಮಾಡ್ಬೇಡಿ, ಚಕ್ರವರ್ತಿ ಏನು ಹೇಳ್ಕೊಂಡ ಅನ್ನೋದೂ ಅದರಲ್ಲೇ ಇದೆ, ಜನ ಅದನ್ನ ಹೇಗೆ ಬಳಸಿದ್ರು ಅನ್ನೋದೂ ಅದರಲ್ಲೇ ಇದೆ.

ಮೊದ್ಲು ಅಕ್ಷರ ನೋಡಿ. ಸಾಮಾನ್ಯವಾಗಿ ಎಡಗಡೆ ಕೆಳಗಿಂದ ಶುರು ಮಾಡಿ ಗಡಿಯಾರದ ಮುಳ್ಳು ತಿರುಗೋ ಕಡೆಗೇ ಓದ್ಕೊಂಡು ಹೋಗ್ಬೇಕು, ಯು ಇರಬೇಕಾದ ಕಡೆ ವಿ ಇರತ್ತೆ, ಹಾಗಾಗಿ ಎ ವಿ ಜಿ ಅಂತ ಕಂಡ್ರೆ ಅದು ಆಗಸ್ಟಸ್ ಅನ್ನೋ ಬಿರುದು. ಐ ಎಂ ಪಿ ಅಂದ್ರೆ ಇಂಪರೇಟರ್, ಸೇನೆಯ ಒಡೆಯ ಅನ್ನೋ ಬಿರುದು. ನನ್ ಪ್ರಕಾರ ಎಲ್ಲಕ್ಕಿಂತ ಉಪಯೋಗದ್ದು ಟಿ ಆರ್ ಪಿ, ಅದು ಟ್ರಿಬ್ಯೂನ್ ಅಧಿಕಾರ, ಅಂದ್ರೆ ಜನಸಾಮಾನ್ಯರ ಪರ ನಿಲ್ಲೋ ಅಧಿಕಾರಿಗಿದ್ದ ಅಧಿಕಾರ, ಚಕ್ರವರ್ತಿಗೆ ಅದು ವರ್ಷವರ್ಷ ರಿನ್ಯೂ ಆಗ್ತಿತ್ತು, ಪಕ್ಕದಲ್ಲಿ ರೋಮನ್ ಅಂಕಿ ಇದ್ರೆ ನಾಣ್ಯ ಯಾವ ವರ್ಷದ್ದು ಅಂತ ಲೆಕ್ಕ ಹಾಕ್ಬಹುದು.

ಆಮೇಲೆ ಹಿಂಭಾಗ. ಕ್ರಿ.ಶ. 70ರಲ್ಲಿ ಯೆಹೂದ್ಯರ ಜೆರುಸಲೇಂ ರೋಮನ್ನರ ಕೈಗೆ ಬಿದ್ದ ಮೇಲೆ ಚಕ್ರವರ್ತಿ ವೆಸ್ಪೇಸಿಯನ್ ಹೊಡೆಸಿದ ನಾಣ್ಯಗಳಲ್ಲಿ ಖರ್ಜೂರದ ಮರದ ಪಕ್ಕ ಅಳ್ತಾ ಕೂತಿರೋ ಹೆಂಗಸು ಇದಾಳೆ, ಸುತ್ತ 'ಯೂಡಿಯಾ ಕಾಪ್ಟಾ', ಅಂದ್ರೆ ಯೂದಾಯ (ಜೆರುಸಲೇಂ ಇದ್ದ ನಾಡು) ವಶವಾಯ್ತು ಅಂತ. ಬೆಳ್ಳಿ ಬಂಗಾರದಲ್ಲಷ್ಟೇ ಅಲ್ಲ, ಚಿಲ್ಲರೆ ಕಂಚಿನ ನಾಣ್ಯದಲ್ಲೂ ಇದನ್ನ ಹೊಡೆಸಿದ್ರು, ಸಂತೆಗೆ ಹೋದವನ ಕೈಗೂ ಸೋತವರ ಚಿತ್ರ ಸೇರ್ತಿತ್ತು.

ಬೆಲೆ ಗೊತ್ತಿದ್ರೆ ಇನ್ನೂ ಚೆನ್ನಾಗಿ ಅರ್ಥ ಆಗತ್ತೆ. ಒಂದು ಡಿನೇರಿಯಸ್ ಅನ್ನೋ ಬೆಳ್ಳಿ ನಾಣ್ಯಕ್ಕೆ 4 ಸೆಸ್ಟರ್ಷಿಯಸ್ ಅಥವಾ 16 ಆಸ್ ಅನ್ನೋ ಚಿಲ್ಲರೆ ನಾಣ್ಯ. ಇಟಲಿಯ ಹಳೇ ರೋಮನ್ ಊರು ಪಾಂಪೇಯ ಗೋಡೆಬರಹವೊಂದರ ಪ್ರಕಾರ ಒಂದು ಆಸ್‌ಗೆ ಒಂದು ಸಲ ಕುಡಿಯೋಷ್ಟು ವೈನ್ ಸಿಗ್ತಿತ್ತು, ನಾಲ್ಕು ಕೊಟ್ರೆ ಫಾಲರ್ನಿಯನ್ ಅನ್ನೋ ಹೆಸರುವಾಸಿ ವೈನೇ.

ತೂಕ ಬರ್ದಿದ್ರೆ ಅದನ್ನ ಬಿಡ್ಲೇಬೇಡಿ. ಮೊದಲ ಚಕ್ರವರ್ತಿ ಆಗಸ್ಟಸ್ ಕಾಲದಲ್ಲಿ ಒಂದು ರೋಮನ್ ಪೌಂಡ್ ತೂಕದ ಬೆಳ್ಳಿಗೆ 84 ಡಿನೇರಿಯಸ್ ಹೊಡೀತಿದ್ರು, ಚಕ್ರವರ್ತಿ ನೀರೋ ಕ್ರಿ.ಶ. 64ರ ಹೊತ್ತಿಗೆ ಅದನ್ನ 96 ಮಾಡ್ದ, ಅಂದ್ರೆ ನಾಣ್ಯ ಹಗುರಾಯ್ತು, ಜೊತೆಗೆ ಬೆಳ್ಳಿನೂ ಕಮ್ಮಿ ಮಾಡ್ದ. 260ರ ದಶಕದ ನಾಣ್ಯಗಳಲ್ಲಂತೂ ಮೇಲೆ ತೆಳ್ಳಗೆ ಬೆಳ್ಳಿ, ಸವೆದ ಕಡೆ ಒಳಗಿನ ತಾಮ್ರ ಕಾಣತ್ತೆ. ಮುಖ ಮಾತ್ರ ಕಿರೀಟ ಹಾಕ್ಕೊಂಡು ಹಾಗೇ ಇದೆ!

ಕೊನೇಗೆ ಗೀರು. ತಮಿಳುನಾಡಿನ ಪುದುಕ್ಕೋಟೈ ಕಡೆ 1898ರಲ್ಲಿ ಸಿಕ್ಕ ಸುಮಾರು 500 ರೋಮನ್ ಚಿನ್ನದ ನಾಣ್ಯಗಳಲ್ಲಿ ಹೆಚ್ಚಿನವಕ್ಕೆ ಚಕ್ರವರ್ತಿ ಮುಖದ ಮೇಲೇ ಉಳಿ ಏಟು ಬಿದ್ದಿದೆ. ಇಲ್ಲಿ ಆ ಮುಖದ ಮಾತು ನಡೀತಿರ್ಲಿಲ್ಲ, ಚಿನ್ನ ತೂಕಕ್ಕೆ ಹೋಗ್ತಿತ್ತು ಅಂತ ಅನೇಕ ವಿದ್ವಾಂಸರು ಹೇಳ್ತಾರೆ. ಅದಕ್ಕೇ ಅಂಥ ಗೀರು ಕಂಡ್ರೆ ಹಾಳಾಗಿದೆ ಅಂತ ಪಕ್ಕಕ್ಕಿಡ್ಬೇಡಿ, ಎಲ್ಲಿದೆ, ಎಷ್ಟು ಆಳ ಇದೆ ಅಂತ ಬರ್ಕೊಳ್ಳಿ. ನಾಣ್ಯ ಕೈಗೇ ಸಿಕ್ಕಿದ್ರೆ ಹೊಳಪು ಬರ್ಲಿ ಅಂತ ಉಜ್ಜೋದಂತೂ ಬೇಡ್ವೇ ಬೇಡ.