ಇಟಲಿಯ ಕಿಟ್ಟು, ನಂಜನಗೂಡು ರಸ್ತೆಯ ಲಾರಿ

ಮಾದರಿ ಲಾರಿಯ ಕಿಟ್ ತರಿಸಿ, ಸೂಚನೆಯ ಹಾಳೆಯಲ್ಲಿರುವಂತೆ ಅಂಟಿಸಿ, ಬಣ್ಣ ಹೊಡೆದು ಕಪಾಟಿನಲ್ಲಿ ಇಡುವವರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಆ ಲಾರಿ ಯುರೋಪಿನ ಯಾವುದೋ ಹೆದ್ದಾರಿಯದಾಗಿಯೇ ಉಳಿಯುತ್ತದೆ. ನನಗೆ ಬೇಕಿದ್ದದ್ದು ಮೈಸೂರಿನಿಂದ ಕಡಕೊಳದ ಕಡೆಗೆ ಕಂಟೇನರ್ ಹೊತ್ತು ಓಡಾಡುವ, ದೂಳು ಮೆತ್ತಿದ ಟ್ರೇಲರ್ ಲಾರಿ. ಆದ್ದರಿಂದ ಇಟಲೆರಿ ಕಂಪನಿಯ 1:24 ಅಳತೆಯ ಕಿಟ್ಟಿನಿಂದ ಮುಂದಿನ ಎಳೆಯುವ ಲಾರಿಯನ್ನಷ್ಟೇ ಕಟ್ಟಿಕೊಂಡೆ. ಹಿಂದಿನ ಟ್ರೇಲರ್ ಮತ್ತು ಕಂಟೇನರ್ ಎರಡೂ ನನ್ನ ಕೈಯಲ್ಲೇ ಆದವು.

ಅಳತೆ ತೆಗೆಯಲು ನಂಜನಗೂಡು ರಸ್ತೆಯ ಟೀ ಅಂಗಡಿಯೊಂದರ ಮುಂದೆ ನಿಂತಿದ್ದ ಟ್ರೇಲರಿನ ಕೆಳಗೆ ಟೇಪು ಹಿಡಿದು ಬಗ್ಗಿದೆ. ಚಾಲಕರು ಲೋಟ ಬಿಟ್ಟು ಓಡಿ ಬಂದರು. “ಏನು ಸಾರ್, ಆರ್‌ಟಿಒದವರೇ?”

“ಅಲ್ಲ ಅಣ್ಣ, ಇದರದ್ದೇ ಒಂದು ಮರಿ ಮಾಡಬೇಕು.”

ಮೊಬೈಲಿನಲ್ಲಿ ಹಳೆಯ ಮಾದರಿಯ ಚಿತ್ರ ತೋರಿಸಿದ ಮೇಲೆ ಅವರೇ ಟೇಪಿನ ಇನ್ನೊಂದು ತುದಿ ಹಿಡಿದರು. ಟ್ರೇಲರಿನಿಂದ ಕೆಳಗಿಳಿದು ಲಾರಿಯ ಬೆನ್ನಿನ ತಟ್ಟೆಯಲ್ಲಿ ಕೂತು ಎರಡಕ್ಕೂ ಕೊಂಡಿಯಾಗುವ ಕಿಂಗ್ ಪಿನ್ ತೋರಿಸಿ, “ಭಾರವೆಲ್ಲ ತಟ್ಟೆಯ ಮೇಲೆ, ಎಳೆತವೆಲ್ಲ ಈ ಗೂಟದ ಮೇಲೆ” ಎಂದರು. ನಿಜವಾದ ಪಿನ್ನಿನ ದಪ್ಪ ಸುಮಾರು 50 ಮಿ.ಮೀ. ಅದನ್ನು 24ರಿಂದ ಭಾಗಿಸಿದರೆ 2 ಮಿ.ಮೀ.ಗಿಂತ ಕೂದಲೆಳೆಯಷ್ಟು ಹೆಚ್ಚು. ಒಂದು ಮೊಳೆಯ ತಲೆ ಕತ್ತರಿಸಿದರೆ ಕೆಲಸ ಮುಗಿಯಿತು. ತಟ್ಟೆ ಮಾತ್ರ ಹಿಂದಕ್ಕೂ ಮುಂದಕ್ಕೂ ವಾಲುವಂತಿರಬೇಕು. ಅದನ್ನು ಬಿಗಿಯಾಗಿ ಅಂಟಿಸಿಬಿಟ್ಟರೆ ಸಣ್ಣ ಉಬ್ಬು ಹತ್ತಿಸಿದಾಗಲೂ ಟ್ರೇಲರಿನ ಚಕ್ರಗಳು ನೆಲ ಬಿಟ್ಟು ಏಳುತ್ತವೆ.

ನನಗೆ ಸಿಕ್ಕ ಕಿಟ್ಟಿನಲ್ಲಿ ಸ್ಟೀರಿಂಗ್ ಎಡಕ್ಕಿತ್ತು. ಚಕ್ರವೊಂದನ್ನು ಬಲಕ್ಕೆ ಸರಿಸಿದರೆ ಸಾಲದು. ಡ್ಯಾಶ್‌ಬೋರ್ಡು ಚಾಲಕನ ಕಡೆಗೆ ಬಾಗಿರುತ್ತದೆ. ಅದನ್ನು ಕತ್ತರಿಸಿ ಅದಲುಬದಲು ಮಾಡಿ, ಸಂದಿಗೆ ಪುಟ್ಟಿ ತುಂಬಿ ಉಜ್ಜಬೇಕು. ಪೆಡಲುಗಳು ಕ್ರಮ ಬದಲಾಗದೆ ಬಲಕ್ಕೆ ಬರಬೇಕು. ಚಾಸಿಯ ಪಕ್ಕದ ಸ್ಟೀರಿಂಗ್ ಬಾಕ್ಸು, ವೈಪರು ಒರಗುವ ದಿಕ್ಕು, ಎರಡೂ ಅದಲುಬದಲಾಗಬೇಕು. ವೈಪರನ್ನು ಮರೆತ ಮಾದರಿಗಳನ್ನು ಬಹಳ ನೋಡಿದ್ದೇನೆ. ಒಮ್ಮೆ ಕಣ್ಣಿಗೆ ಬಿದ್ದರೆ ಮತ್ತೆ ಬೇರೇನೂ ಕಾಣುವುದಿಲ್ಲ.

ಯುರೋಪಿನ ಟ್ರೇಲರುಗಳಲ್ಲಿ ಅಚ್ಚಿನ (ಆ್ಯಕ್ಸಲ್) ಎರಡು ತುದಿಗೂ ಒಂದೊಂದೇ ಅಗಲ ಟೈರು. ನಮ್ಮಲ್ಲಿ ಸಾಮಾನ್ಯವಾಗಿ ಜೋಡಿ ಟೈರು, ಅಂದರೆ ಮೂರು ಅಚ್ಚಿಗೆ ಹನ್ನೆರಡು. ಅವನ್ನು ಚನ್ನಪಟ್ಟಣದಲ್ಲಿ ಆಲೆ ಮರದಲ್ಲಿ ಕಡೆಸಿದೆ: 44 ಮಿ.ಮೀ. ಎತ್ತರ, ಸುತ್ತಲೂ ನಾಲ್ಕು ಗೀರು. “ಬರೀ ಕಪ್ಪು ಯಾಕೆ ಸಾರ್, ಕೆಂಪು ಅರಗು ಹಚ್ಚಿ ಕೊಡುತ್ತೇನೆ, ಲಕ್ಷಣವಾಗಿರುತ್ತದೆ” ಎಂದು ಕಡೆಯುವವರು ಕೊನೆಯವರೆಗೂ ಹೇಳುತ್ತಲೇ ಇದ್ದರು. ಟ್ರೇಲರಿನ ಉದ್ದನೆಯ ತೊಲೆಗಳಿಗೆ ಕಿಟಕಿ ಮಾಡುವವರ ಬಳಿ ಉಳಿದ ಅಲ್ಯೂಮಿನಿಯಂ ಪಟ್ಟಿ, ಅಡ್ಡಪಟ್ಟಿಗಳಿಗೆ ಬೋರ್ಡು ಬರೆಯುವವರ ಬಳಿಯ ಸನ್‌ಬೋರ್ಡ್ ಚೂರು, ಗಾಳಿಯ ಕೊಳವೆಗಳಿಗೆ ಅಗರಬತ್ತಿಯ ಬಿದಿರು ಕಡ್ಡಿ ಸಾಕಾದವು. ಕಡ್ಡಿಗಂತೂ ಮೈಸೂರಿನಲ್ಲಿ ಬರವಿಲ್ಲ.

ನಿಜವಾಗಿ ಬೆವರಿಳಿಸಿದ್ದು ಕಂಟೇನರು. 40 ಅಡಿಯ ಕಂಟೇನರ್ ಈ ಅಳತೆಯಲ್ಲಿ 508 ಮಿ.ಮೀ. ಉದ್ದ. ಅದರ ಪಕ್ಕದ ಗೋಡೆ ಏರುತಗ್ಗಿನದು. ಮಡಿಕೆಯ ಆಳ 36 ಮಿ.ಮೀ., ಅಂದರೆ ನಮಗೆ ಒಂದೂವರೆ ಮಿ.ಮೀ. ಬೋರ್ಡಿನ ಮೇಲೆ ಪಟ್ಟಿ ಅಂಟಿಸಿದರೆ ಅಂಚುಗಳು ಚೂಪಾಗಿ ನಿಂತು ಪೆಟ್ಟಿಗೆಯಂತೆ ಕಾಣುತ್ತದೆ, ಒತ್ತಿ ಮಾಡಿದ ಉಕ್ಕಿನಂತೆ ಕಾಣುವುದಿಲ್ಲ. ಹಾಗಾಗಿ ಆಫ್‌ಸೆಟ್ ಮುದ್ರಣಾಲಯದಿಂದ ಬಳಸಿ ಬಿಟ್ಟ ಅಲ್ಯೂಮಿನಿಯಂ ಪ್ಲೇಟು ತಂದೆ. ಮೇಲಿನ ಲೇಪವನ್ನು ಎಮರಿ ಕಾಗದದಲ್ಲಿ ಉಜ್ಜಿ ತೆಗೆದು, ಬಟ್ಟೆ ಸೋಪನ್ನು ಒಣಗಿದ್ದ ಹಾಗೆಯೇ ಸವರಿ, ಒಲೆಯ ಮೇಲೆ ಆಡಿಸುತ್ತ ಕಾಯಿಸಿದೆ. ಅಲ್ಯೂಮಿನಿಯಂ ಕಬ್ಬಿಣದ ಹಾಗೆ ಕೆಂಪಾಗಿ ಎಚ್ಚರಿಕೆ ಕೊಡುವುದಿಲ್ಲ, ಕರಗಿಯೇ ಬಿಡುತ್ತದೆ. ಸೋಪು ಕಂದು ಮೀರಿ ಕಪ್ಪಾದ ಕೂಡಲೇ ಉರಿಯಿಂದ ತೆಗೆಯಬೇಕು. ತಣಿದ ಮೇಲೆ ತಗಡು ಕೈಮಾತು ಕೇಳುವಷ್ಟು ಮೆದುವಾಗಿರುತ್ತದೆ.

ಪ್ಲೈವುಡ್ಡಿನ ಮೇಲೆ ಪಟ್ಟಿ ಅಂಟಿಸಿ ಮಾಡಿದ ಅಚ್ಚಿನ ಮೇಲೆ ತಗಡು ಹಾಸಿ, ತುದಿ ದುಂಡಾದ ಕಡ್ಡಿಯಿಂದ ಒಂದೊಂದೇ ತಗ್ಗನ್ನು ಒತ್ತುತ್ತ ಹೋಗಬೇಕು. ಒಂದೇ ತುದಿಯಿಂದ ಶುರುಮಾಡಬೇಕು. ಪ್ರತಿ ಮಡಿಕೆಗೂ ತಗಡು ಸ್ವಲ್ಪ ಒಳಗೆ ಸರಿಯುತ್ತದೆ. ಎರಡು ತುದಿಯಿಂದ ಬಂದರೆ ನಡುವೆ ಹರಿಯುತ್ತದೆ. ಇದೇ ಕಾರಣಕ್ಕೆ 508 ಮಿ.ಮೀ. ಗೋಡೆಗೆ ಸುಮಾರು 540 ಮಿ.ಮೀ. ಉದ್ದದ ತಗಡು ಬೇಕಾಗುತ್ತದೆ. ಇಷ್ಟಾದ ಮೇಲೆ ಲೋಹದ ಪ್ರೈಮರು, ಅದರ ಮೇಲೆ ಮಾಸಲು ನೀಲಿ.

ಕಂಟೇನರಿನ ಮೇಲಿನ ಸಂಖ್ಯೆಯನ್ನು ಬಾಯಿಗೆ ಬಂದಂತೆ ಬರೆಯುವಂತಿಲ್ಲ. ನಾಲ್ಕು ಅಕ್ಷರ, ಆರು ಅಂಕಿ, ಕೊನೆಗೆ ಚೌಕದೊಳಗೆ ಒಂದು ಅಂಕಿ. ಅಕ್ಷರಗಳಿಗೂ ಬೆಲೆಯುಂಟು. ಎಲ್ಲವನ್ನೂ ಕ್ರಮವಾಗಿ 1, 2, 4, 8 ಹೀಗೆ ಇಮ್ಮಡಿಸುತ್ತ ಗುಣಿಸಿ, ಕೂಡಿಸಿ, 11ರಿಂದ ಭಾಗಿಸಿದಾಗ ಉಳಿಯುವ ಶೇಷವೇ ಆ ಚೌಕದ ಅಂಕಿ (10 ಉಳಿದರೆ 0). ನನ್ನ ಕಂಟೇನರಿನ ಒಡೆಯ ಕಲ್ಪಿತ, ಆದರೆ ಲೆಕ್ಕ ಸರಿಯಿದೆ. ಬಿಳಿ ಅಕ್ಷರಗಳನ್ನು ಸಾಮಾನ್ಯ ಪ್ರಿಂಟರು ಮುದ್ರಿಸಲಾರದು. ಸ್ಟಿಕರ್ ಅಂಗಡಿಯಲ್ಲಿ ಅಚ್ಚು ಕತ್ತರಿಸಿಕೊಂಡು ಬಣ್ಣ ಹೊಡೆದೆ.

ದೂಳಿಗೆ ನಿಜವಾದ ಮಣ್ಣು ಬೇಡ. ಬಟ್ಟೆಯಲ್ಲಿ ಜರಡಿ ಹಿಡಿದರೂ ಈ ಅಳತೆಗೆ ಅದು ಜಲ್ಲಿಯಾಗಿಯೇ ಕಾಣುತ್ತದೆ. ರಂಗೋಲಿಯ ಅಂಚಿಗೆ ಬಳಸುವ ಕೆಮ್ಮಣ್ಣನ್ನು ಒಣ ಕುಂಚದಲ್ಲಿ ಮಡ್‌ಗಾರ್ಡಿನ ಹಿಂದೆ, ಸ್ಪ್ರಿಂಗ್ ಪಟ್ಟಿಗಳ ಸಂದಿಯಲ್ಲಿ ಸವರಿದೆ. ಹೊಳಪಿಲ್ಲದ ವಾರ್ನಿಷ್ ಹೊಡೆದಾಗ ಅರ್ಧ ದೂಳು ಮಾಯವಾಗುತ್ತದೆ, ಆದ್ದರಿಂದ ಮೊದಲೇ ತುಸು ಧಾರಾಳವಾಗಿರಬೇಕು.

ಮುಂದಿನ ಬಂಪರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟದೆ ನಮ್ಮ ಕಡೆಯ ಲಾರಿ ರಸ್ತೆಗಿಳಿಯುವುದುಂಟೇ? ನಾಲ್ಕು ಸೆಂ.ಮೀ. ನಿಂಬೆಹಣ್ಣು ಇಲ್ಲಿ ಒಂದು ಸಾಸಿವೆ ಕಾಳು. ಹಳದಿ ಬಳಿದು, ಹಸಿರು ದಾರದ ತುಣುಕುಗಳ ಜೊತೆ ಪೋಣಿಸಿದೆ. ಆಯುಧಪೂಜೆಯ ದಿನ ಚಕ್ರಗಳ ಕೆಳಗೂ ಸಾಸಿವೆ ಇಟ್ಟಾಗ ಅಮ್ಮ ಒಪ್ಪಲಿಲ್ಲ. “ಸಾಸಿವೆಗೆಲ್ಲ ದೃಷ್ಟಿ ಹೋಗುತ್ತದೇನೋ?” ಎಂದು ದೇವರಾಜ ಮಾರುಕಟ್ಟೆಯಿಂದ ತಂದ ನಿಂಬೆಹಣ್ಣನ್ನೇ ಮುಂದಿನ ಚಕ್ರಕ್ಕೆ ಒತ್ತರಿಸಿ ಇಟ್ಟರು. ಅದು ಟೈರಿನಷ್ಟೇ ಎತ್ತರವಿತ್ತು. ಹತ್ತಿಸಲು ಹೋಗದೆ ಲಾರಿಯನ್ನು ಹಿಂದಕ್ಕೆ ತೆಗೆದೆ.