‘ಕೇಳು’ ಒಂದೇ, ಸ್ಪ್ಯಾನಿಷ್‌ನಲ್ಲಿ ನಾಲ್ಕು: ಕ್ರಿಯಾಪದ ಆರಿಸುವ ಬಗೆ

ಸ್ಪ್ಯಾನಿಷ್ ಕಲಿಯುವ ಕನ್ನಡಿಗರು ಸಾಮಾನ್ಯವಾಗಿ ಇಂಗ್ಲಿಷ್ ಪಠ್ಯಪುಸ್ತಕವನ್ನು ನೆಚ್ಚಿಕೊಳ್ಳುತ್ತಾರೆ. ಸಮೀಪದ ಅರ್ಥವುಳ್ಳ ಕ್ರಿಯಾಪದಗಳು ಎದುರಾದಾಗ ಅಲ್ಲಿನ ನಿಯಮಗಳನ್ನು ಬಾಯಿಪಾಠ ಮಾಡುತ್ತಾರೆ. ಆದರೆ ಮಾತನಾಡುವ ಹೊತ್ತಿಗೆ ಮನಸ್ಸಿನಲ್ಲಿ ಮೊದಲು ಮೂಡುವುದು ಕನ್ನಡದ ವಾಕ್ಯವೇ ಆದ್ದರಿಂದ, ಆ ವಾಕ್ಯದಿಂದಲೇ ಆರಂಭಿಸುವುದು ಹೆಚ್ಚು ಫಲಕಾರಿ. ಬೇಕಾದ ಸುಳಿವುಗಳಲ್ಲಿ ಬಹಳಷ್ಟು ನಮ್ಮ ನುಡಿಯಲ್ಲೇ ಇವೆ.

ಮೊದಲನೆಯದಾಗಿ, ಕನ್ನಡದ ಕ್ರಿಯಾಪದವನ್ನು ಅದಕ್ಕಿಂತ ಕಿರಿದಾದ ಅರ್ಥವುಳ್ಳ ಇನ್ನೊಂದು ಕನ್ನಡ ಪದದಿಂದ ಬದಲಿಸಿ ನೋಡಬೇಕು. ‘ಕೇಳು’ ಇದಕ್ಕೆ ಅತ್ಯುತ್ತಮ ಉದಾಹರಣೆ. ನಾವು ಕಾಫಿ ಕೇಳುತ್ತೇವೆ, ದಾರಿ ಕೇಳುತ್ತೇವೆ, ರೇಡಿಯೊ ಕೇಳುತ್ತೇವೆ. ಸದ್ದೂ ನಮಗೆ ಕೇಳುತ್ತದೆ. ‘ಬೇಡು’ ಅಥವಾ ‘ಕೊಡಲು ಹೇಳು’ ಎಂದು ಬದಲಿಸಲು ಬಂದರೆ ‘ಪೆದಿರ್’, ‘ವಿಚಾರಿಸು’ ಎಂದಾದರೆ ‘ಪ್ರೆಗುಂತಾರ್’, ‘ಕಿವಿಗೊಡು’ ಎಂದಾದರೆ ‘ಎಸ್ಕುಚಾರ್’, ‘ಕಿವಿಗೆ ಬೀಳು’ ಎಂದಾದರೆ ‘ಓಯಿರ್’. ಕೊನೆಯ ಎರಡರ ನಡುವಿನ ಗೆರೆ ಸ್ಪ್ಯಾನಿಷ್ ಮಾತೃಭಾಷಿಕರಲ್ಲೂ ಸಡಿಲವಾಗಿದೆ; ರೇಡಿಯೊ ವಿಷಯದಲ್ಲಿ ‘ಓಯಿರ್’ ಎಂದರೂ ತಪ್ಪಲ್ಲ. ಮೊದಲೆರಡು ಮಾತ್ರ ಅದಲುಬದಲಾಗಬಾರದು. ಕೇಳಿದ್ದಕ್ಕೆ ಪ್ರತಿಯಾಗಿ ವಸ್ತುವೋ ನೆರವೋ ಸಿಗಬೇಕಿದ್ದರೆ ‘ಪೆದಿರ್’, ಮಾಹಿತಿ ಸಿಗಬೇಕಿದ್ದರೆ ‘ಪ್ರೆಗುಂತಾರ್’. ಹೋಟೆಲಿನಲ್ಲಿ ಬಿಲ್ ತರಲು ಹೇಳುವುದು ‘ಪೆದಿರ್ ಲಾ ಕ್ವೆಂತಾ’. ತಿನಿಸಿನ ಬೆಲೆ ಎಷ್ಟೆಂದು ಕೇಳುವುದು ‘ಪ್ರೆಗುಂತಾರ್ ಎಲ್ ಪ್ರೆಸಿಯೊ’. ವಾಕ್ಯ ಬೆಳೆದಾಗ ಮುಂದೆ ಬರುವ ಪದವೂ ಸುಳಿವು ಕೊಡುತ್ತದೆ: ನಿಧಾನವಾಗಿ ಮಾತನಾಡುವಂತೆ ಕೇಳಿಕೊಂಡಾಗ ‘ಪೆದಿರ್’ ಜೊತೆಗೆ ‘ಕೆ’ ಬರುತ್ತದೆ, ಇಂಗ್ಲಿಷ್ ಬರುತ್ತದೆಯೇ ಎಂದು ವಿಚಾರಿಸಿದಾಗ ‘ಪ್ರೆಗುಂತಾರ್’ ಜೊತೆಗೆ ‘ಸಿ’ ಬರುತ್ತದೆ.

ಎರಡನೆಯದು ‘ಗೊತ್ತು’. ವಾಕ್ಯದಲ್ಲಿ ‘ಪರಿಚಯವಿದೆ’ ಎಂದು ಹೇಳಬಹುದಾದರೆ ‘ಕೊನೊಸೆರ್’. ‘ಎಲ್ಲಿ ಎಂದು ಗೊತ್ತು’, ‘ಏಕೆ ಎಂದು ಗೊತ್ತು’ ಎಂಬಂಥ ಸಂಗತಿಯಾದರೆ ‘ಸಬೆರ್’. ‘ನನಗೆ ಈಜು ಬರುತ್ತದೆ’ ಎನ್ನುವಲ್ಲಿನ ‘ಬರುತ್ತದೆ’ ಕೂಡ ‘ಸಬೆರ್’ ಪಾಲಿಗೇ ಸೇರುತ್ತದೆ: ‘ಸೆ ನದಾರ್’. ಭೂತಕಾಲದಲ್ಲಿ ಒಂದು ಎಚ್ಚರ ಬೇಕು. ‘ಕೊನೊಸಿ’ ಎಂದರೆ ಸಾಮಾನ್ಯವಾಗಿ ಮೊದಲ ಬಾರಿಗೆ ಪರಿಚಯವಾಯಿತು ಎಂದೂ, ‘ಸುಪೆ’ ಎಂದರೆ ವಿಷಯ ತಿಳಿದುಬಂತು ಎಂದೂ ಅರ್ಥ. ಮೊದಲಿನಿಂದಲೇ ಪರಿಚಯವಿತ್ತು ಎನ್ನಲು ‘ಕೊನೊಸಿಯಾ’ ಎನ್ನಬೇಕು.

ಎಲ್ಲರನ್ನೂ ಕಾಡುವ ಜೋಡಿ, ‘ಇರು’, ‘ಆಗಿರು’ ಎಂಬ ಅರ್ಥ ಕೊಡುವ ‘ಸೆರ್’ ಮತ್ತು ‘ಎಸ್ತಾರ್’. ಶಾಶ್ವತವಾದುದಕ್ಕೆ ಮೊದಲನೆಯದು, ತಾತ್ಕಾಲಿಕವಾದುದಕ್ಕೆ ಎರಡನೆಯದು ಎಂಬ ಪ್ರಚಲಿತ ನಿಯಮವನ್ನು ಬಿಟ್ಟುಬಿಡುವುದೇ ಒಳ್ಳೆಯದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಮ್ಯಾಡ್ರಿಡ್ ಸ್ಪೇನಿನಲ್ಲಿರುವುದು ತಾತ್ಕಾಲಿಕವಲ್ಲ, ಸಾವಂತೂ ಅಲ್ಲವೇ ಅಲ್ಲ. ಆದರೂ ಎರಡಕ್ಕೂ ‘ಎಸ್ತಾರ್’ನ ರೂಪವಾದ ‘ಎಸ್ತಾ’ ಬರುತ್ತದೆ. ಬದಲಾಗಿ ಕನ್ನಡ ವಾಕ್ಯವನ್ನು ಗಮನಿಸಿ. ‘ಅವರು ವೈದ್ಯರು’, ‘ಇವತ್ತು ಸೋಮವಾರ’ ಎಂಬಲ್ಲಿ ಕ್ರಿಯಾಪದವೇ ಇಲ್ಲ. ಇಂಥ ಕಡೆ ಬಹುಪಾಲು ‘ಸೆರ್’. ‘ಅವರು ಮನೆಯಲ್ಲಿದ್ದಾರೆ’ ಎಂಬಲ್ಲಿ ‘ಇರು’ ಕಾಣಿಸಿಕೊಂಡು ಸ್ಥಳವನ್ನು ಹೇಳುತ್ತಿದೆ, ಅಲ್ಲಿ ‘ಎಸ್ತಾರ್’. ‘ಇದೆ’ಯನ್ನು ತೆಗೆದು ‘ನಡೆಯುತ್ತದೆ’ ಎಂದು ಹಾಕಲು ಬಂದರೆ ಅದು ಸಮಾರಂಭ, ಆಗ ಸ್ಥಳದ ಮಾತಾದರೂ ‘ಸೆರ್’ (ಅದರ ರೂಪ ‘ಎಸ್’) ಬರುತ್ತದೆ: ಸಂಗೀತ ಕಛೇರಿ ಚೌಕದಲ್ಲಿದೆ ಎನ್ನಲು ‘ಎಲ್ ಕೊನ್ಸಿಯೆರ್ತೊ ಎಸ್ ಎನ್ ಲಾ ಪ್ಲಾಸಾ’. ಗುಣವಾಚಕಗಳಲ್ಲಿ ಮಾತ್ರ ಈ ಪರೀಕ್ಷೆ ಸಾಲದು, ಏಕೆಂದರೆ ‘ಅವಳು ಎತ್ತರವಾಗಿದ್ದಾಳೆ’ ಎಂಬಲ್ಲೂ ನಾವು ‘ಇರು’ ಬಳಸುತ್ತೇವೆ, ಸ್ಪ್ಯಾನಿಷ್‌ನಲ್ಲಿ ಅದು ‘ಎಸ್ ಆಲ್ತಾ’. ಇಲ್ಲಿ ಕೇಳಿಕೊಳ್ಳಬೇಕಾದದ್ದು, ಹೇಳುತ್ತಿರುವುದು ಆ ವಸ್ತು ಎಂಥದ್ದು ಎಂದೋ ಅಥವಾ ಈಗ ಯಾವ ಸ್ಥಿತಿಯಲ್ಲಿದೆ ಎಂದೋ ಎಂಬುದನ್ನು. ಸೇಬು ‘ಎಸ್ ವೆರ್ದೆ’ ಎಂದರೆ ಹಸಿರು ಬಣ್ಣದ ಜಾತಿ. ‘ಎಸ್ತಾ ವೆರ್ದೆ’ ಎಂದರೆ ಇನ್ನೂ ಕಾಯಿ, ಹಣ್ಣಾಗಿಲ್ಲ.

‘ಇರು’ವಿನ ಉಳಿದ ಎರಡು ಪಾಲು ಸುಲಭ. ‘ನನಗೆ ಇಬ್ಬರು ಮಕ್ಕಳಿದ್ದಾರೆ’ ಎನ್ನಲು ‘ತೆನೆರ್’, ‘ಇಲ್ಲಿ ಒಂದು ಬ್ಯಾಂಕ್ ಇದೆ’ ಎಂದು ಅಸ್ತಿತ್ವವನ್ನಷ್ಟೇ ತಿಳಿಸಲು ‘ಆಯ್’.

ಇನ್ನು ಕನ್ನಡ ದಾರಿ ತಪ್ಪಿಸುವ ಜಾಗ. ಯಾರಾದರೂ ಕರೆದರೆ ನಾವು ‘ಬಂದೆ’ ಎನ್ನುತ್ತೇವೆ, ಫೋನಿನಲ್ಲಿ ‘ನಿಮ್ಮ ಮನೆಗೆ ಬರುತ್ತೇನೆ’ ಎನ್ನುತ್ತೇವೆ, ಹೊರಟವರನ್ನು ‘ನಾನೂ ಬರಲೇ?’ ಎಂದು ಕೇಳುತ್ತೇವೆ. ಸ್ಪ್ಯಾನಿಷ್‌ನಲ್ಲಿ ಮೂರಕ್ಕೂ ಹೋಗುವ ಕ್ರಿಯಾಪದ ‘ಇರ್’ ಬೇಕು, ಏಕೆಂದರೆ ‘ವೆನಿರ್’ ಎಂಬುದು ಮಾತನಾಡುವವರು ಇರುವ ಕಡೆಗಿನ ಚಲನೆಗೆ ಮೀಸಲು. ಆದ್ದರಿಂದ ಕರೆಗೆ ಓಗೊಡುವಾಗ ‘ಯಾ ವೊಯ್’ (‘ವೊಯ್’ ಎಂಬುದು ‘ಇರ್’ನ ರೂಪ). ಗೆಳೆಯರ ಮನೆಗೆ ಸಿಹಿ ತರುತ್ತೇನೆ ಎನ್ನುವಾಗಲೂ ‘ತ್ರಾಎರ್’ ಅಲ್ಲ, ಒಯ್ಯುವ ‘ಯೆವಾರ್’. ಅವರ ಮನೆಯೊಳಗೆ ಕಾಲಿಟ್ಟ ಮೇಲೆ, ತಂದಿದ್ದೇನೆ ಎನ್ನಲು ‘ತ್ರಾಎರ್’.

ಕೊನೆಯದಾಗಿ, ಆರಿಸಿದ ಪದ ನೀವು ಹೋಗುವ ದೇಶದಲ್ಲಿ ಸಲ್ಲುತ್ತದೆಯೇ ಎಂದು ನೋಡಿಕೊಳ್ಳಬೇಕು. 1713ರಲ್ಲಿ ಸ್ಥಾಪನೆಯಾದ ರಾಯಲ್ ಸ್ಪ್ಯಾನಿಷ್ ಅಕಾಡೆಮಿಯ ನಿಘಂಟು ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತದೆ. ಪದದ ಪ್ರಾದೇಶಿಕ ಬಳಕೆಯನ್ನೂ ಅದು ಗುರುತಿಸುತ್ತದೆ. ಸ್ಪೇನಿನಲ್ಲಿ ಬಸ್ ಹಿಡಿಯುವುದಕ್ಕೆ ‘ಕೊಹೆರ್’ ಎನ್ನುವುದು ದಿನನಿತ್ಯದ ಮಾತು. ಮೆಕ್ಸಿಕೊ ಮತ್ತು ಅರ್ಜೆಂಟಿನಾದಲ್ಲಿ ಅದೇ ಪದಕ್ಕೆ ಅಶ್ಲೀಲ ಅರ್ಥವಿದೆ. ಎರಡೂ ಕಡೆ ಸಲ್ಲುವ ‘ತೊಮಾರ್’ ಎಂಬುದನ್ನೇ ಮೊದಲಿನಿಂದ ರೂಢಿಸಿಕೊಳ್ಳಿ.