ಮೊದಲ ದಿನ ಸಿಲಬಸ್ ಓದೋದು ಬಿಟ್ಟೆ

ಬೆಂಗಳೂರಿನ ಒಂದು ಡಿಗ್ರಿ ಕಾಲೇಜಿನಲ್ಲಿ ಬಿ.ಕಾಂ. ಮಕ್ಕಳಿಗೆ ಸಂಖ್ಯಾಶಾಸ್ತ್ರ ಹೇಳಿಕೊಡುತ್ತೇನೆ. ಕೆಲಸಕ್ಕೆ ಸೇರಿದ ವರ್ಷ ಮೊದಲ ಕ್ಲಾಸಿನಲ್ಲಿ ಹಾಜರಿ ಕೂಗಿದೆ, ಸಿಲಬಸ್ ಓದಿದೆ, 75 ಪರ್ಸೆಂಟ್ ಅಟೆಂಡೆನ್ಸ್ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸಲ್ಲ ಅಂತ ಹೆದರಿಸಿದೆ. 20 ನಿಮಿಷಕ್ಕೆ ಮುಗಿದೇ ಹೋಯಿತು. ಮಕ್ಕಳು ಖುಷಿಯಾಗಿ ಕ್ಯಾಂಟೀನಿಗೆ ಹೋದರು. ಮಾರನೇ ದಿನ ಅರ್ಧ ಕ್ಲಾಸು ಖಾಲಿ. ಯಾರನ್ನು ಬೈಯೋದು? ಇಲ್ಲಿ ಏನೂ ನಡೆಯಲ್ಲ ಅಂತ ನಾನೇ ತಾನೇ ತೋರಿಸಿಕೊಟ್ಟಿದ್ದು!

ಈಗ ಹತ್ತು ನಿಮಿಷ ಮುಂಚೆ ಹೋಗಿ ಬಾಗಿಲ ಹತ್ತಿರ ನಿಲ್ಲುತ್ತೇನೆ. "ಏನಪ್ಪಾ ಹೆಸರು? ಎಲ್ಲಿಂದ ಬರ್ತೀಯ?" ಅಷ್ಟೇ. ಅರವತ್ತು ಹೆಸರು ಒಂದೇ ದಿನಕ್ಕೆ ನೆನಪಿರಲ್ಲ ಬಿಡಿ, ಏಳೆಂಟು ಸಾಕು. ಕನ್ನಡದಲ್ಲೇ ಕೇಳುತ್ತೇನೆ. ಕನ್ನಡ ಮೀಡಿಯಂನಿಂದ ಬಂದವರ ಮುಖದ ಬಿಗಿ ಅಲ್ಲೇ ಸ್ವಲ್ಪ ಸಡಿಲವಾಗುತ್ತೆ.

ಆಮೇಲೆ ನೇರ ಪಾಠ. ಹೋದ ವರ್ಷ ಮುಂದಿನ ಬೆಂಚಿನ ಒಂಬತ್ತು ಜನರನ್ನು "ಮನೆಯಿಂದ ಇಲ್ಲಿಗೆ ಎಷ್ಟು ನಿಮಿಷ?" ಅಂತ ಕೇಳಿದೆ. ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ಬೋರ್ಡ್ ಮೇಲೆ ಬರೆದೆ: 15, 20, 20, 25, 30, 40, 45, 50, 160. ಆ 160 ಗೌರಿಬಿದನೂರಿನಿಂದ ರೈಲಲ್ಲಿ ಬಂದು, ಮತ್ತೆ ಬಿಎಂಟಿಸಿ ಹತ್ತುವ ಹುಡುಗಿಯದು. ಕ್ಲಾಸೆಲ್ಲ "ಅಬ್ಬಾ" ಅಂತು.

ಕೂಡಿದರು, 405. ಸರಾಸರಿ 45.

"ಹಾಗಾದ್ರೆ ಇವರಿಗೆಲ್ಲ ಮುಕ್ಕಾಲು ಗಂಟೆ ಬೇಕು ಅನ್ನೋಣ್ವಾ?"

"ಇಲ್ಲ ಮೇಡಂ, ಅವಳೊಬ್ಬಳಿಂದ ಜಾಸ್ತಿ ಆಯ್ತು," ಅಂದ ಹಿಂದಿನವನು. ಅವಳನ್ನು ಬಿಟ್ಟು ಲೆಕ್ಕ ಹಾಕಿದರೆ 31ರ ಹತ್ತಿರ ಬಂತು. ಆಗ ಅವಳೇ ಎದ್ದು ನಿಂತಳು: "ನನ್ನ ಯಾಕೆ ಮೇಡಂ ಬಿಡೋದು? ನಾನೂ ಇದೇ ಕ್ಲಾಸಲ್ವಾ?"

ಎಲ್ಲರೂ ನಕ್ಕರು. ಯಾರನ್ನೂ ಬಿಡೋದು ಬೇಡ, ನಡುವೆ ಯಾರಿದ್ದಾರೆ ನೋಡಿ ಅಂದೆ. ಐದನೆಯದು, 30. ಮಧ್ಯಾಂಕ ಅನ್ನೋ ಪದವನ್ನು ಬೋರ್ಡ್ ಮೇಲೆ ಬರೆದದ್ದು ಆಗಲೇ. ಆ ಸೆಮಿಸ್ಟರ್ ಪೂರ್ತಿ ಅದನ್ನು ಯಾರೂ ಮರೆಯಲಿಲ್ಲ.

ಸಿಲಬಸ್ಸನ್ನು ವಾಟ್ಸಾಪ್ ಗ್ರೂಪಿಗೆ ಹಾಕಿಬಿಡುತ್ತೇನೆ. ಡಿಗ್ರಿ ಮೂರು ವರ್ಷಾನಾ ನಾಲ್ಕಾ ಅಂತ ಯಾರಾದರೂ ಕೇಳೇ ಕೇಳುತ್ತಾರೆ. 2021ರಲ್ಲಿ ನಾಲ್ಕು ವರ್ಷದ್ದು ಬಂತು, 2024ರಲ್ಲಿ ಮತ್ತೆ ಮೂರಕ್ಕೆ ಇಳಿಯಿತು. ಅಣ್ಣ ಅಕ್ಕಂದಿರ ಮಾತು ಕೇಳಿ ಬಂದವರಿಗೆ ಗೊಂದಲ ಆಗದೆ ಇರುತ್ತಾ?

ಕೊನೆಯ ಐದು ನಿಮಿಷಕ್ಕೆ ಒಂದೊಂದು ಚೀಟಿ. ಹೆಸರು ಬೇಡ, ಇವತ್ತು ಏನು ಅರ್ಥ ಆಗಲಿಲ್ಲ ಅಂತ ಬರೆಯಿರಿ ಅನ್ನುತ್ತೇನೆ. ಜಾಸ್ತಿ ಜನ "ಎಲ್ಲಾ ಅರ್ಥ ಆಯ್ತು" ಅಂತ ಸುಮ್ನೆ ಬರೆದಿರುತ್ತಾರೆ. ಹೋದ ವರ್ಷ ಒಂದು ಚೀಟಿಯಲ್ಲಿ ಹೀಗಿತ್ತು: "ಮೇಡಂ, ಬೋರ್ಡ್ ಮೇಲೆ ಬೆಳಕು ಹೊಡೆಯುತ್ತೆ, ಬಲಗಡೆ ಬರೆದಿದ್ದು ಕಾಣಲ್ಲ." ಎಲ್ಲರೂ ಹೋದ ಮೇಲೆ ಕೊನೆ ಬೆಂಚಿನಲ್ಲಿ ಕೂತು ನೋಡಿದೆ. ನಾನು ಬರೆದ ಮಧ್ಯಾಂಕದಲ್ಲಿ 'ಮ' ಒಂದೇ ಕಾಣುತ್ತಿತ್ತು.